ಎಲ್ಲದರಲ್ಲೂ ಮುಂದಿರುವ ಅಕ್ಕನ ಒಳಗೆ ಆತಂಕ ಇದೆಯಾ, ಹೇಗೆ ಗೊತ್ತಾಗುತ್ತೆ?

ನಿಮ್ಮ ಅಕ್ಕ ಬೆಳಗಾವಿಯ ಕಂಪನಿಯಲ್ಲಿ ಎಲ್ಲರಿಗಿಂತ ಮುಂದು, ಆದರೆ ಫೋನ್ ರಿಂಗಾದರೆ ಸಾಕು ಬೆಚ್ಚಿಬೀಳುತ್ತಾರೆ, ಇದು ಸುಮ್ನೆ ಕೆಲಸದ ಒತ್ತಡವಾ ಅಥವಾ ಬೇರೆ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ವಿಜಯಪುರದಲ್ಲಿ ಪಿಯು ಕಾಲೇಜಿಗೆ ಫಿಸಿಕ್ಸ್ ಪಾಠ ಮಾಡುವವನು. ಆದರೆ ಈ ವಿಷಯದಲ್ಲಿ ನಾನೇ ಪೇಷಂಟ್ ಆಗಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಆತಂಕದ ಸುಳಿವು ಮೊದಲು ಸಿಕ್ಕಿದ್ದು ಹಲ್ಲಿನ ಡಾಕ್ಟರಿಗೆ. ದವಡೆ ಹಲ್ಲು ನೋಯುತ್ತಿದೆ ಅಂತ ಹೋಗಿದ್ದೆ. ಟಾರ್ಚ್ ಬಿಟ್ಟು ನೋಡಿ, "ಸರ, ರಾತ್ರಿ ಹಲ್ಲು ಕಡೀತೀರೇನು?" ಅಂದರು. "ಇಲ್ಲರಿ" ಅಂದೆ. ಪಕ್ಕದಲ್ಲಿದ್ದ ಹೆಂಡತಿ, "ದಿನಾ ಕಡೀತಾರ್ರಿ, ಜ್ವಾಳಾ ಬೀಸಿದಂಗ ಸಪ್ಪಳ ಬರತದ" ಅಂದಳು. ಹಲ್ಲು ಅರ್ಧ ಸವೆದಿತ್ತು.

ಆಗ ಕಾಲೇಜಿನಲ್ಲಿ ನನಗೆ ಭಾರಿ ಹೆಸರು. ತಪ್ಪೇ ಮಾಡದ ಮನುಷ್ಯ ಅಂತ. ಮೌಲ್ಯಮಾಪನಕ್ಕೆ ಹೋದರೆ ಒಂದೊಂದು ಉತ್ತರ ಪತ್ರಿಕೆಯ ಅಂಕ ನಾಲ್ಕು ಸಲ ಕೂಡಿಸುತ್ತಿದ್ದೆ. ಬಂಡಲ್ ಒಪ್ಪಿಸಿ ರೂಮಿಗೆ ಬಂದು ಮಲಗಿದರೆ ರಾತ್ರಿ ಎರಡಕ್ಕೆ ಎಚ್ಚರ. ಒಳಗಿನ ಪುಟದ ಅಂಕ ಮುಖಪುಟಕ್ಕೆ ಸರಿಯಾಗಿ ಎತ್ತಿ ಬರೆದೆನಾ? ಎದೆ ಧಸಕ್ ಅನ್ನುತ್ತಿತ್ತು. ಬಸ್ಸು ಆರಕ್ಕಿದ್ದರೆ ನಾಲ್ಕೂವರೆಗೇ ಸ್ಟ್ಯಾಂಡಿನಲ್ಲಿ ಇರುತ್ತಿದ್ದೆ. ಎಲ್ಲರೂ ಇದಕ್ಕೆ ಶಿಸ್ತು ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಕಡೆ ಇನ್ನೊಂದು ಫಜೀತಿ ಇದೆ. ಬೆಂಗಳೂರು ಕಡೆಯವರಿಗೆ ಕಾಳಜಿ ಅಂದರೆ ಆಸ್ಥೆ, ಆರೈಕೆ. ನಮ್ಮಲ್ಲಿ ಚಿಂತೆಗೂ ಅದೇ ಮಾತು. "ಕಾಳಜಿ ಮಾಡಬ್ಯಾಡ" ಅಂದರೆ ಚಿಂತೆ ಮಾಡಬೇಡ ಅಂತ ಅರ್ಥ. ಹಾಗಾಗಿ "ಭಾಳ ಕಾಳಜಿ ಹುಡುಗಿ" ಅಂತ ಯಾರಾದರೂ ಹೊಗಳಿದರೆ, ಆಕೆ ಜವಾಬ್ದಾರಿಯವಳೋ ಇಲ್ಲ ಒಳಗೇ ಬೇಯುತ್ತಿದ್ದಾಳೋ ಅಂತ ಮಾತಿನಲ್ಲೇ ಗೊತ್ತಾಗುವುದಿಲ್ಲ.

ಹಾಗಾದರೆ ಹೇಗೆ ಗುರುತಿಸುವುದು? ಅಕ್ಕ ಎಷ್ಟು ಕೆಲಸ ಮಾಡುತ್ತಾರೆ ಅಂತ ನೋಡಬೇಡಿ. ಕೆಲಸ ಚೆನ್ನಾಗಿ ಮುಗಿದ ಮೇಲೆ ಏನಾಗುತ್ತೆ ನೋಡಿ. ಬಾಗಲಕೋಟೆ ನವನಗರದಲ್ಲಿರುವ ನನ್ನ ಅತ್ತೆಯ ಮಗಳು ಪಿಯುಸಿಯಲ್ಲಿ ಕಾಲೇಜಿಗೇ ಮೊದಲು ಬಂದಳು. ಮನೆ ತುಂಬ ಜನ, ಪೇಢೆ ಹಂಚುತ್ತಿದ್ದಾರೆ. ಇವಳು ಒಳಗೆ ಕೂತು ಕೆಮಿಸ್ಟ್ರಿಯಲ್ಲಿ ಹೋದ ಎರಡು ಅಂಕಕ್ಕೆ ಸ್ಕ್ಯಾನ್ ಪ್ರತಿ ತರಿಸುವುದು ಹೇಗೆ ಅಂತ ಮೊಬೈಲ್ ನೋಡುತ್ತಿದ್ದಳು. ಕೈಯಲ್ಲಿದ್ದ ಪೇಢೆ ಹಾಗೇ ಇತ್ತು. "ಛಲ ನೋಡ್ರಿ ಆಕೀದು" ಅಂತ ಅತ್ತೆ ಹೆಮ್ಮೆಪಟ್ಟಳು. ಛಲ ಇದ್ದವರು ಗೆದ್ದಾಗ ಒಂದಿಷ್ಟು ಹೊತ್ತಾದರೂ ಖುಷಿಪಡುತ್ತಾರೆ, ಅಲ್ವಾ? ಆತಂಕ ಇದ್ದವರಿಗೆ ಗೆದ್ದಾಗಲೂ 'ಸದ್ಯ, ಈ ಸಲ ಬಚಾವಾದೆ' ಅಂತಷ್ಟೇ ಅನ್ನಿಸುತ್ತೆ. ಆಮೇಲೆ ಮುಂದಿನ ಭಯ ಶುರು.

ಇದು ಯಾಕೆ ತಾನಾಗಿ ಹೋಗುವುದಿಲ್ಲ ಅಂದರೆ, ಭಯಕ್ಕೆ ನಾಲ್ಕು ಸಲ ಕೂಡಿಸುತ್ತೇವೆ, ತಪ್ಪಾಗುವುದಿಲ್ಲ. ನಾಲ್ಕು ಸಲ ಕೂಡಿಸಿದ್ದಕ್ಕೇ ತಪ್ಪಾಗಲಿಲ್ಲ ಅಂತ ಮನಸ್ಸು ನಂಬಿಬಿಡುತ್ತೆ. ಎರಡೇ ಸಲ ಕೂಡಿಸಿ ನೋಡಲು ಧೈರ್ಯ ಬರುವುದಿಲ್ಲ. ಮೇಲೆ ಜನ ಬೇರೆ ಹೊಗಳುತ್ತಾರೆ!

ಉಳಿದ ಲಕ್ಷಣಗಳು ನಿಮಗೆ ಕಾಣುವಂಥವೇ. ಕತ್ತು ಹೆಗಲು ಸದಾ ಬಿಗಿ, ನಿದ್ದೆ ಕಡಿಮೆ, ಸಣ್ಣದಕ್ಕೂ ಸಿಡುಕು, ಕಾರಣವಿಲ್ಲದೆ ಹೊಟ್ಟೆ ಕೆಡುವುದು, ಯಾವುದಕ್ಕೂ ಬೇಡ ಅನ್ನಲು ಆಗದಿರುವುದು. 'ನಾನು ಅಷ್ಟೇನು ಜಾಣೆ ಅಲ್ಲ, ಒಂದು ದಿನ ಎಲ್ಲರಿಗೂ ಗೊತ್ತಾಗುತ್ತೆ' ಅನ್ನುವ ಮಾತು ಕೇಳಿಸಿದರೆ ಗಮನ ಕೊಡಿ. ಸಾಧಿಸಿದವರಲ್ಲಿ ಈ ಭಾವನೆ ಇರುವ ಬಗ್ಗೆ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞೆಯರು, ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್, 1978ರಲ್ಲೇ ಬರೆದಿದ್ದಾರೆ.

ನೆಟ್‌ನಲ್ಲಿ ಓಡಾಡುವ 'ಹೈ ಫಂಕ್ಷನಿಂಗ್ ಆಂಗ್ಸೈಟಿ' (ಹೊರಗೆ ಎಲ್ಲ ಸರಿಯಾಗಿ ನಡೆಸಿಕೊಂಡು ಒಳಗೇ ಆತಂಕಪಡುವುದು) ಅನ್ನುವುದು ವೈದ್ಯರ ಪಟ್ಟಿಯಲ್ಲಿರುವ ಕಾಯಿಲೆಯ ಹೆಸರಲ್ಲ. ತಡೆಯಲಾಗದ ಚಿಂತೆ ಆರು ತಿಂಗಳು, ಹೆಚ್ಚಿನ ದಿನಗಳಲ್ಲಿ ಇದ್ದು, ಜೊತೆಗೆ ನಿದ್ದೆ, ಸುಸ್ತು, ಸಿಡುಕಿನಂಥ ತೊಂದರೆಯೂ ಇದ್ದರೆ ಡಾಕ್ಟರು ಆತಂಕದ ಕಾಯಿಲೆ ಅಂತ ಯೋಚಿಸುತ್ತಾರೆ. ಆತಂಕ ಎಷ್ಟಿದೆ ಅಂತ ಅಳೆಯಲು ಜಿಎಡಿ-7 ಅಂತ ಏಳು ಪ್ರಶ್ನೆಗಳ ಪಟ್ಟಿ ಇದೆ, 2006ರಿಂದ ಬಳಕೆಯಲ್ಲಿದೆ. ಕಳೆದ ಎರಡು ವಾರದ್ದನ್ನು ಕೇಳುತ್ತೆ, ಒಟ್ಟು 21 ಅಂಕ. 10 ಅಥವಾ ಜಾಸ್ತಿ ಬಂದರೆ ತೋರಿಸಿಕೊಳ್ಳುವುದು ಒಳ್ಳೆಯದು. ನನಗೆ 14 ಬಂದಿತ್ತು. (ಅದನ್ನೂ ಮೂರು ಸಲ ಕೂಡಿಸಿದೆ.) ಥೈರಾಯ್ಡ್ ಜಾಸ್ತಿಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತೆ, ಆ ಪರೀಕ್ಷೆಯನ್ನೂ ಮಾಡಿಸಿ.

ಅಕ್ಕನಿಗೆ ನೇರವಾಗಿ "ನಿನಗೆ ಆತಂಕ ಇದೆ" ಅನ್ನಬೇಡಿ. "ಟೆನ್ಷನ್ ತಗೋಬ್ಯಾಡ" ಅಂತಲೂ ಬೇಡ, ಅದು ಯಾರಿಗೂ ಉಪಯೋಗಕ್ಕೆ ಬಂದಿದ್ದು ನಾನು ಕಂಡಿಲ್ಲ. ಎದುರು ಕೂರಿಸಿಕೊಂಡು ವಿಚಾರಣೆ ಮಾಡುವುದಕ್ಕಿಂತ ಜೊತೆಗೆ ಪಲ್ಯ ಹೆಚ್ಚುತ್ತಲೋ, ಸಂಜೆ ಅಡ್ಡಾಡುತ್ತಲೋ "ಅಕ್ಕಾ, ರಾತ್ರಿ ನಿದ್ದಿ ಹೆಂಗ ಬರತದ?" ಅಂತ ಕೇಳಿ. ನಿದ್ದೆಯ ಬಗ್ಗೆ ಹೇಳಿಕೊಳ್ಳಲು ಯಾರಿಗೂ ನಾಚಿಕೆ ಇಲ್ಲ. ಆದರೂ ಮೊದಲ ಸಲ "ಏನಿಲ್ಲ, ಆರಾಮ ಇದ್ದೀನಿ" ಅನ್ನಬಹುದು. ವಾರ ಬಿಟ್ಟು ಮತ್ತೆ ಕೇಳಿ.

ಡಾಕ್ಟರ್ ಅಂದ ಕೂಡಲೇ ನಮ್ಮವರು "ಧಾರವಾಡಕ್ಕ ಕಳಿಸ್ತೀಯೇನು?" ಅಂತ ಗೇಲಿ ಮಾಡುತ್ತಾರೆ. ಅಲ್ಲಿ ಮಾನಸಿಕ ಆಸ್ಪತ್ರೆ ಇದೆಯಲ್ಲ, ಅದಕ್ಕೆ. ಆದರೆ ಡಿಮ್ಹಾನ್ಸ್ ಅನ್ನುವ ಆ ಆಸ್ಪತ್ರೆಗೆ ನಿದ್ದೆ ಬಾರದವರೂ, ಚಿಂತೆ ಹಚ್ಚಿಕೊಂಡವರೂ ಹೋಗುತ್ತಾರೆ. ಅಷ್ಟು ದೂರ ಬೇಡ ಅಂದರೆ ಟೆಲಿ ಮಾನಸ್ ಇದೆ, 14416. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ನನಗೆ ಮಾತ್ರೆ ಬೇಕಾಗಲಿಲ್ಲ. ಕೆಲವರಿಗೆ ಬೇಕಾಗುತ್ತೆ, ಅದರಲ್ಲಿ ತಪ್ಪೇನಿಲ್ಲ. ಕೌನ್ಸೆಲರ್ ನನಗೆ ಕೊಟ್ಟ ಹೋಂವರ್ಕ್ ಒಂದೇ: ಎರಡು ಸಲ ಕೂಡಿಸಿ, ಸಹಿ ಹಾಕಿ, ಬಂಡಲ್ ದೂರ ಸರಿಸುವುದು. ಮೊದಲ ದಿನ ಕೈ ಬೆವತು ಪೆನ್ನು ಜಾರುತ್ತಿತ್ತು. ಮೂರನೇ ಸಲ ಕೂಡಿಸಬೇಕು ಅನ್ನಿಸುವುದು ಈಗಲೂ ಪೂರ್ತಿ ಹೋಗಿಲ್ಲ. ಅನ್ನಿಸಿದಾಗ ಎದ್ದು ಚಹಾಕ್ಕೆ ಹೋಗುತ್ತೇನೆ. ಹಲ್ಲಿಗೆ ಮಾತ್ರ ಕ್ಯಾಪ್ ಹಾಕಿಸಲೇಬೇಕಾಯಿತು.