ಕೊಳಲು ಊದಿದವರು ಯಾರು?

ಓದುಗರ ಕಾಗದ:

ಸಂಪಾದಕರೇ, ಹೋದ ತಿಂಗಳು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಊರಿಗೆ ಬರುತ್ತಿದ್ದೆ. ಶಿರಾ ದಾಟಿದ ಮೇಲೆ ಫೋನಿನ ಆ್ಯಪ್ ತಾನಾಗೇ ಒಂದು ಹಾಡು ಹಾಕಿತು. ಐಸ್‌ಲ್ಯಾಂಡಿನ ಸಿಗುರ್ ರೋಸ್ ಅನ್ನೋ ಬ್ಯಾಂಡಂತೆ. ಹತ್ತು ನಿಮಿಷದ ಹಾಡು. ಒಂದು ಪದವೂ ಅರ್ಥ ಆಗಲಿಲ್ಲ, ಆದರೆ ಕಣ್ಣು ಒದ್ದೆಯಾಯಿತು. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಕಾಣುವ ತನಕ ಅದನ್ನೇ ಮತ್ತೆ ಮತ್ತೆ ಕೇಳಿದೆ. ಆಮೇಲೆ ಆ್ಯಪ್ ‘ಇದೇ ಥರದ್ದು’ ಅಂತ ನೂರಾರು ಹಾಡು ಕೊಟ್ಟಿತು. ಮೊದಮೊದಲು ಖುಷಿ. ಈಗ ಯಾವುದು ಯಾರದ್ದು ಅಂತಲೇ ಗೊತ್ತಾಗುತ್ತಿಲ್ಲ. ನನ್ನ ರೂಮ್‌ಮೇಟ್ ಹೇಳೋದು, ‘ಆ್ಯಪ್‌ಗೆ ನಿನ್ನ ಕಿವಿ ನಿನಗಿಂತ ಚೆನ್ನಾಗಿ ಗೊತ್ತು, ಸುಮ್ನೆ ಕೇಳು.’ ಇಂಥ ಹತ್ತು ಬ್ಯಾಂಡುಗಳ ಹೆಸರು ಕೊಡುತ್ತೀರಾ? — ಒಬ್ಬ ಓದುಗ, ದಾವಣಗೆರೆ (ಹೆಸರು ಹಾಕಬೇಡಿ)

ಸಂಪಾದಕರ ಉತ್ತರ:

ಹೆಸರು ಹಾಕಬೇಡಿ ಅಂದಿರಿ, ಹಾಕಿಲ್ಲ. ಆದರೆ ನನ್ನ ಉತ್ತರ ಇರುವುದೆಲ್ಲ ಹೆಸರುಗಳ ಬಗ್ಗೆಯೇ. ಸ್ವಲ್ಪ ಉದ್ದ ಆಗುತ್ತದೆ. ಹತ್ತು ನಿಮಿಷದ ಹಾಡನ್ನು ಚಿತ್ರದುರ್ಗದ ತನಕ ಎಳೆದವರಿಗೆ ಇದೇನು ಮಹಾ.

ಮೊದಲು ನಿಮ್ಮ ರೂಮ್‌ಮೇಟ್ ಪರವಾಗಿ ಒಂದು ಮಾತು. ಆ್ಯಪ್ ಇಲ್ಲದಿದ್ದರೆ ಶಿರಾ ರಸ್ತೆಯಲ್ಲಿ ನಿಮಗೆ ಸಿಗುರ್ ರೋಸ್ ಸಿಗುತ್ತಿರಲಿಲ್ಲ. ನಾನು ನಿಮ್ಮ ವಯಸ್ಸಿನಲ್ಲಿದ್ದಾಗ ಅರಸೀಕೆರೆಯಲ್ಲಿ ಕೂತು ಐಸ್‌ಲ್ಯಾಂಡಿನ ಹಾಡು ಕೇಳುವುದು ಕನಸಿನ ಮಾತು. ಅಷ್ಟರ ಮಟ್ಟಿಗೆ ಆ್ಯಪ್‌ಗೆ ಒಂದು ನಮಸ್ಕಾರ. ಹಾಕಿದ್ದಾಯಿತು.

ಇನ್ನು, ಅದಕ್ಕೆ ನಿಮ್ಮ ಕಿವಿ ಗೊತ್ತು ಅನ್ನುವುದು. ಕಿವಿ ಅಲ್ಲ, ಲೆಕ್ಕ ಗೊತ್ತು. ಈ ಹಾಡು ಕೇಳಿದವರು ಇನ್ನೇನು ಕೇಳಿದರು, ಎಲ್ಲಿಯ ತನಕ ಕೇಳಿದರು, ಯಾವಾಗ ಬೇಜಾರಾಗಿ ಮುಂದಕ್ಕೆ ತಳ್ಳಿದರು. ಅದರ ಮೇಲೆ ಹಾಡಿನ ವೇಗ ಎಷ್ಟು, ಗದ್ದಲ ಎಷ್ಟು. ಅಕ್ಕಿ ಕೊಂಡವರಿಗೆ ಬೇಳೆ ಬೇಕಾ ಅಂತ ಕಿರಾಣಿ ಅಂಗಡಿಯವನು ಕೇಳುತ್ತಾನಲ್ಲ, ಅದೇ ವಿದ್ಯೆ. ವ್ಯಾಪಾರಕ್ಕೆ ಒಳ್ಳೆಯದು. ಆದರೆ ಅಕ್ಕಿ ಯಾರ ಗದ್ದೆಯದು ಅಂತ ಅಂಗಡಿಯವನು ಹೇಳುವುದಿಲ್ಲ. ನೀವೂ ಕೇಳುವುದಿಲ್ಲ. ನಿಮ್ಮ ಮೇಲೆ ನನ್ನ ತಕರಾರು ಇರುವುದು ಅಲ್ಲೇ. ಅಳಿಸಿದ ಹಾಡಿನ ಬಗ್ಗೆ ನೀವು ಕೇಳಿದ್ದು ‘ಇದೇ ಥರದ್ದು ಇನ್ನೇನಿದೆ’ ಅಂತ. ‘ಇದನ್ನು ಮಾಡಿದವರು ಯಾರು’ ಅಂತ ಕೇಳಲೇ ಇಲ್ಲ.

ನೀವು ಕೇಳದಿದ್ದರೂ ಹೇಳುತ್ತೇನೆ.

1994ರಲ್ಲಿ ರೇಕ್ಯಾವಿಕ್‌ನಲ್ಲಿ ಮೂರು ಜನ ಹುಡುಗರು ಸೇರಿ ಮಾಡಿದ ಬ್ಯಾಂಡ್ ಅದು. ಹಾಡುವ ಯೋನ್ಸಿಗೆ ಆಗತಾನೇ ಒಬ್ಬಳು ತಂಗಿ ಹುಟ್ಟಿದ್ದಳು. ಅವಳ ಹೆಸರು ಸಿಗುರ್ರೋಸ್. ಅದನ್ನೇ ಒಡೆದು ಬ್ಯಾಂಡಿಗೆ ಇಟ್ಟರು. ಇಡೀ ಐಸ್‌ಲ್ಯಾಂಡಿನ ಜನಸಂಖ್ಯೆ 4 ಲಕ್ಷ ದಾಟಿಲ್ಲ, ಅಂದರೆ ನಿಮ್ಮ ದಾವಣಗೆರೆಯಷ್ಟೂ ಇಲ್ಲ. 1999ರಲ್ಲಿ ಎರಡನೆಯ ಆಲ್ಬಂ ‘ಆಗೈಟಿಸ್ ಬಿರ್ಯುನ್’ ಬಂತು. ಹಾಗೆಂದರೆ ‘ಒಳ್ಳೆಯ ಆರಂಭ’. ಮೊದಲ ಪ್ರತಿಗಳ ಹೊದಿಕೆಗಳನ್ನು ಬ್ಯಾಂಡಿನವರೇ ಕೂತು ಅಂಟಿಸಿದರು. ಗೋಂದು ಸಿಡಿಗಳಿಗೂ ಮೆತ್ತಿಕೊಂಡು ಎಷ್ಟೋ ಸಿಡಿ ಓಡಲೇ ಇಲ್ಲ. ಒಳ್ಳೆಯ ಆರಂಭ ಅಂದರೆ ಇದೇ ಇರಬೇಕು.

ನೀವು ಬಸ್ಸಿನಲ್ಲಿ ಕೇಳಿದ್ದು ಬಹುಶಃ ಅದೇ ಆಲ್ಬಮ್ಮಿನ ‘ಸ್ವೆಪ್ನ್-ಗ್-ಎಂಗ್ಲರ್’. ಸೇರಿಸಿ ಓದಿದರೆ ನಿದ್ದೆಯಲ್ಲಿ ನಡೆಯುವವರು, ಬಿಡಿಸಿ ಓದಿದರೆ ನಿದ್ದೆಯ ದೇವದೂತರು. ಅದರಲ್ಲಿ ಮತ್ತೆ ಮತ್ತೆ ‘ತ್ಯೂ’ ಅಂತ ಬರುತ್ತದಲ್ಲ, ಇಂಗ್ಲಿಷ್ ಬಲ್ಲವರು ಅದನ್ನು ‘ಇಟ್ಸ್ ಯೂ’ ಅಂತ ಕೇಳಿಸಿಕೊಂಡು ಪ್ರೇಮಗೀತೆ ಅಂದುಕೊಳ್ಳುತ್ತಾರೆ. ಅದು ಅಲ್ಲಿ ಮಕ್ಕಳನ್ನು ಸಮಾಧಾನ ಮಾಡುವ ಸದ್ದು, ನಮ್ಮ ‘ಜೋ ಜೋ’ ಇದ್ದ ಹಾಗೆ. ರಾತ್ರಿ ಬಸ್ಸಿನಲ್ಲಿ ಯಾರೋ ನಿಮಗೆ ಜೋ ಜೋ ಹೇಳಿದರು, ನೀವು ಅತ್ತಿರಿ. ಅರ್ಥ ಆಗಲಿಲ್ಲ ಅಂತ ಯಾಕೆ ಅನ್ನುತ್ತೀರಿ?

ಅಲೆಯ ಹಾಗೆ ಬಂದು ಹೋಗುವ ಆ ಸದ್ದು ಕೀಬೋರ್ಡಿನದಲ್ಲ. ಗಿಟಾರಿನದು. ಯೋನ್ಸಿ ಎಲೆಕ್ಟ್ರಿಕ್ ಗಿಟಾರನ್ನು ಬೆರಳಿನಿಂದ ಮೀಟುವುದಿಲ್ಲ, ಚೆಲ್ಲೋ ಅನ್ನುವ ದೊಡ್ಡ ಪಿಟೀಲಿನಂಥ ವಾದ್ಯದ ಕಮಾನು ಹಿಡಿದು ಉಜ್ಜುತ್ತಾರೆ. ಲೆಡ್ ಜೆಪ್ಲಿನ್ ಬ್ಯಾಂಡಿನ ಜಿಮ್ಮಿ ಪೇಜ್ ಮೊದಲೇ ಇದನ್ನು ಮಾಡಿದ್ದರು. ಅವರದ್ದು ನಡುವೆ ಬರುವ ಚಮತ್ಕಾರ. ಇವರು ಅದನ್ನೇ ಅಡಿಪಾಯ ಮಾಡಿಕೊಂಡರು. ಇದನ್ನು ಕೇಳಿದ ಕೂಡಲೇ ನಮ್ಮವರು ‘ಅರೇ, ಇದು ನಮ್ಮ ಆಲಾಪ’ ಅನ್ನುತ್ತಾರೆ. ಅಲ್ಲ. ಆಲಾಪದಲ್ಲಿ ಒಂದೊಂದೇ ಸ್ವರದ ಬಾಗಿಲು ತೆರೆಯುತ್ತಾ ರಾಗದ ಮನೆಯನ್ನೆಲ್ಲ ಸುತ್ತುತ್ತಾರೆ. ಇಲ್ಲಿ ಇರುವುದು ಒಂದೇ ಕೋಣೆ. ಬೆಳಕು ಮಾತ್ರ ನಿಧಾನಕ್ಕೆ ಏರುತ್ತದೆ. ಎರಡೂ ಚೆಂದ. ಧಾರವಾಡಕ್ಕೆ ಹೋಲಿಸಿದರೆ ಮಾತ್ರ ಐಸ್‌ಲ್ಯಾಂಡ್ ದೊಡ್ಡದಾಗುತ್ತದೆ ಅನ್ನುವ ಹಟ ಯಾಕೆ ಅಂತ.

2002ರ ಆಲ್ಬಮ್ಮಿಗೆ ಹೆಸರೇ ಇಲ್ಲ. ಹೊದಿಕೆಯ ಮೇಲೆ ಎರಡು ಕಂಸ, ನಡುವೆ ಖಾಲಿ. ಎಂಟು ಹಾಡು, ಒಂದಕ್ಕೂ ಹೆಸರಿಲ್ಲ. ಹಾಡುವುದು ‘ವೋನ್‌ಲೆನ್‌ಸ್ಕ’ದಲ್ಲಿ. ಅದು ಭಾಷೆ ಅಲ್ಲ, ರಾಗಕ್ಕೆ ಒಗ್ಗುವ ಬರೀ ಉಲಿ. ಐಸ್‌ಲ್ಯಾಂಡಿನವರಿಗೂ ಅರ್ಥ ಆಗುವುದಿಲ್ಲ, ಆ ವಿಷಯದಲ್ಲಿ ನೀವೂ ಅವರೂ ಒಂದೇ ಸಾಲು. ನಾಲ್ಕು ಹಾಡು ಆದ ಮೇಲೆ 36 ಸೆಕೆಂಡ್ ಮೌನ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ, ದುಡ್ಡು ಶುರುವಾಗುವುದು ಅಲ್ಲಿಂದ. ಇವರು ಅದಕ್ಕಿಂತ ಜಾಸ್ತಿ ಹೊತ್ತು ಸುಮ್ಮನೆ ಕೂತುಬಿಟ್ಟಿದ್ದಾರೆ! ಈಗಿನ ಹಾಡುಗಳು ಬಾಗಿಲು ತೆರೆದ ಕೂಡಲೇ ಮೈಮೇಲೆ ಬೀಳುವುದು ಯಾಕೆ ಅಂತ ನನಗೆ ಅರ್ಥವಾದದ್ದು ಆ 30 ಸೆಕೆಂಡಿನ ಸುದ್ದಿ ಓದಿದ ದಿನ.

ಆ ಆಲ್ಬಂ ಮಾಡಿದ ಜಾಗ ಒಂದು ಹಳೆಯ ಈಜುಕೊಳ. ರೇಕ್ಯಾವಿಕ್ ಪಕ್ಕದ ಮೊಸ್‌ಫೆಲ್ಸ್‌ಬೈರ್‌ನಲ್ಲಿ ಉಣ್ಣೆ ಗಿರಣಿಯ ಕಾಲದಲ್ಲಿ, 1930ರ ದಶಕದಲ್ಲಿ ಕಟ್ಟಿದ್ದು. ಬ್ಯಾಂಡಿನವರು ಅದನ್ನು ಸ್ಟುಡಿಯೋ ಮಾಡಿಕೊಂಡರು. ‘ಸುಂಡ್‌ಲೋಯ್ಗಿನ್’, ಈಜುಕೊಳ ಅಂತಲೇ ಹೆಸರು.

ಈಗ ನೀವು ನನ್ನನ್ನು ಹಿಡಿಯಬಹುದು. ಹೆಸರೇ ಬೇಡ ಅಂದ ಬ್ಯಾಂಡನ್ನು ಇಟ್ಟುಕೊಂಡು ಹೆಸರು, ಹೆಸರು ಅಂತೀರಲ್ಲ ಸ್ವಾಮಿ ಅಂತ. ಒಪ್ಪಿದೆ. ಆದರೆ ಅವರು ತಮ್ಮ ಹಾಡಿನ ಹೆಸರನ್ನು ತಾವೇ ತೆಗೆದರು. ಇನ್ನೊಬ್ಬರ ಹೆಸರನ್ನು ಅವರನ್ನು ಕೇಳದೆ ತೆಗೆಯುವುದು ಬೇರೆ. ಅಲ್ಲಿಗೆ ಬರುತ್ತೇನೆ.

ಮೊದಲು ದಾರಿ. ನಾನು ಹೋದ ದಾರಿ ಆಲ್ಬಮ್ಮಿನ ಹಿಂಬದಿಯದು, ಕೆಲಸ ಮಾಡಿದವರ ಹೆಸರು ಅಚ್ಚಾಗಿರುವ ಕಡೆಯದು. ಆ ಎರಡೂ ಆಲ್ಬಂಗಳ ನಿರ್ಮಾಣದಲ್ಲಿ ಇದ್ದವರು ಕೆನ್ ಥಾಮಸ್ ಎಂಬ ಇಂಗ್ಲಿಷ್ ಮನುಷ್ಯ. ಅದಕ್ಕೂ ಮೊದಲು ಅವರು ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ಇದ್ದ ಶುಗರ್‌ಕ್ಯೂಬ್ಸ್ ಬ್ಯಾಂಡಿನ ಜೊತೆ ಕೆಲಸ ಮಾಡಿದ್ದರು. ಆಮೇಲೆ ಫ್ರಾನ್ಸಿನ ಎಂ83 ಜೊತೆ. ತಂತಿವಾದ್ಯ ನುಡಿಸಿದ ನಾಲ್ಕು ಹೆಣ್ಣುಮಕ್ಕಳದ್ದೇ ಒಂದು ಬ್ಯಾಂಡ್ ಇದೆ, ಅಮೀನಾ. ಪಕ್ಕದ ಬೀದಿಯಲ್ಲಿ ಮೂಮ್ ಅನ್ನುವ ಇನ್ನೊಂದು ಬ್ಯಾಂಡ್. ಮೂಮ್‌ನಲ್ಲಿ ಚೆಲ್ಲೋ ನುಡಿಸುತ್ತಿದ್ದ ಹಿಲ್ದುರ್ ಗುಡ್ನಾದೊತ್ತಿರ್ 2020ರಲ್ಲಿ ‘ಜೋಕರ್’ ಸಿನಿಮಾದ ಸಂಗೀತಕ್ಕೆ ಆಸ್ಕರ್ ತಗೊಂಡರು. ಸಿಗುರ್ ರೋಸ್ ಜೊತೆ ‘ರೀಮುರ್’ ಹಾಡಿದ ಸ್ಟೈಂದೋರ್ ಆಂಡರ್ಸನ್ ಕಸುಬಿನಿಂದ ಮೀನುಗಾರ. ರೀಮುರ್ ಅಂದರೆ ಅಲ್ಲಿನ ಹಳೆಯ ಕಥನ ಪದ್ಯ ಹಾಡುವ ಕ್ರಮ, ನಮ್ಮ ಗಮಕವನ್ನು ನೆನಪಿಸಿಕೊಳ್ಳಿ. ಯಾವ ಆ್ಯಪ್ ನಿಮಗೆ ಮೀನುಗಾರನ ಗಮಕ ಹಾಕುತ್ತದೆ? ವೇಗ ಹೊಂದುವುದಿಲ್ಲ, ಗದ್ದಲ ಹೊಂದುವುದಿಲ್ಲ. ಹೊಂದುವುದು ಮನುಷ್ಯರ ಸ್ನೇಹ ಮಾತ್ರ.

2000ದಲ್ಲಿ ಸಿಗುರ್ ರೋಸ್‌ನವರು ಕೆನಡಾದ ಗಾಡ್‌ಸ್ಪೀಡ್ ಯೂ! ಬ್ಲ್ಯಾಕ್ ಎಂಪರರ್ ಕಛೇರಿಗಳಿಗೆ ಮೊದಲು ನುಡಿಸುತ್ತಿದ್ದರು. ಆ ಮಾಂಟ್ರಿಯಲ್ ತಂಡದ 1997ರ ಎಲ್‌ಪಿ ಹೊದಿಕೆಯೊಳಗೆ ರೈಲಿನ ಕೆಳಗೆ ಸಿಕ್ಕಿ ಚಪ್ಪಟೆಯಾದ ಒಂದು ಪೆನ್ನಿ ಇಟ್ಟಿರುತ್ತಿದ್ದರು. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅರಸೀಕೆರೆಯ ಹುಡುಗರೆಲ್ಲ ಮಾಡಿದ ಕೆಲಸ ಅದು. ಹಳಿಯ ಮೇಲೆ ಹತ್ತು ಪೈಸೆ ಇಟ್ಟು, ಗೂಡ್ಸ್ ಹೋಗುವ ತನಕ ಕಾದು, ಬಿಸಿಬಿಸಿ ತಗಡನ್ನು ಅಂಗೈಯಿಂದ ಅಂಗೈಗೆ ಹಾರಿಸುವುದು. ಆ ಒಂದು ನಾಣ್ಯಕ್ಕಾಗಿ ಅವರ ಸಂಗೀತ ಕೇಳಿದೆ. ಕತ್ತಲು ಜಾಸ್ತಿ. ಸಿಗುರ್ ರೋಸ್ ‘ಥರ’ ಇಲ್ಲವೇ ಇಲ್ಲ. ಇವತ್ತಿಗೂ ಬಿಟ್ಟಿಲ್ಲ.

ಅಪ್‌ಸ್ಟ್ರೀಮ್ ಅನ್ನುತ್ತಾರಲ್ಲ, ಹೊಳೆಯ ಮೇಲಕ್ಕೂ ನಡೆಯಿರಿ. ಈ ಥರದ ಸಂಗೀತಕ್ಕೆ ಅಂಟಿಕೊಂಡ ಪೋಸ್ಟ್-ರಾಕ್ ಅನ್ನುವ ಪದವನ್ನು ಚಾಲ್ತಿಗೆ ತಂದದ್ದು ವಿಮರ್ಶಕ ಸೈಮನ್ ರೆನಾಲ್ಡ್ಸ್, 1994ರಲ್ಲಿ, ಬಾರ್ಕ್ ಸೈಕೋಸಿಸ್ ಎಂಬ ಬ್ಯಾಂಡಿನ ಬಗ್ಗೆ ಬರೆಯುವಾಗ. ರಾಕ್‌ನ ವಾದ್ಯಗಳನ್ನೇ ಹಿಡಿದು ರಾಕ್ ಅಲ್ಲದ್ದನ್ನು ಮಾಡುವುದು ಅನ್ನುವ ಅರ್ಥದಲ್ಲಿ. ಈ ಚೀಟಿ ಅಂಟಿಸಿಕೊಂಡ ಬಹಳಷ್ಟು ಬ್ಯಾಂಡುಗಳಿಗೆ ಅದು ಇಷ್ಟವಿಲ್ಲ. ಅದಕ್ಕೂ ಮೊದಲೇ, 1988ರಲ್ಲಿ, ಲಂಡನ್ನಿನ ಟಾಕ್ ಟಾಕ್ ‘ಸ್ಪಿರಿಟ್ ಆಫ್ ಈಡನ್’ ಮಾಡಿತ್ತು. ಹಿಟ್ ಹಾಡು ಕೊಡುತ್ತಿದ್ದ ಪಾಪ್ ಬ್ಯಾಂಡ್ ಅದು. ಸ್ಟುಡಿಯೋದ ದೀಪ ಆರಿಸಿ ಕತ್ತಲಲ್ಲಿ ತಿಂಗಳುಗಟ್ಟಲೆ ನುಡಿಸಿ, ಅದರಲ್ಲಿ ಬಹುಪಾಲು ಎಸೆದು, ಉಳಿದದ್ದನ್ನು ಹೊರಗೆ ಬಿಟ್ಟರು. ಹಾಡುತ್ತಿದ್ದ ಮಾರ್ಕ್ ಹಾಲಿಸ್ 1998ರಲ್ಲಿ ಒಂದು ಸ್ವಂತ ಆಲ್ಬಂ ಮಾಡಿ ಮನೆಗೆ ಹೋದವರು 2019ರಲ್ಲಿ ಸಾಯುವ ತನಕ ಇನ್ನೊಂದು ಆಲ್ಬಂ ಮಾಡಲಿಲ್ಲ.

ಇನ್ನೂ ಮೇಲಕ್ಕೆ ಹೋದರೆ ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ. 1975ರಲ್ಲಿ ಟ್ಯಾಕ್ಸಿ ಗುದ್ದಿ ಹಾಸಿಗೆ ಹಿಡಿದಿದ್ದರು. ನೋಡಲು ಬಂದ ಗೆಳತಿಯೊಬ್ಬರು 18ನೆಯ ಶತಮಾನದ ಹಾರ್ಪ್ ಸಂಗೀತದ ರೆಕಾರ್ಡ್ ತಂದಿದ್ದರು. ಆಕೆ ಹೋದ ಮೇಲೆ ಇವರು ಕಷ್ಟಪಟ್ಟು ಎದ್ದು ರೆಕಾರ್ಡ್ ಹಾಕಿ ಮತ್ತೆ ಮಲಗಿದರೆ, ಸದ್ದು ತೀರಾ ಸಣ್ಣಗಿದೆ. ಮತ್ತೆ ಎದ್ದು ಹೋಗುವ ತ್ರಾಣ ಇಲ್ಲ. ಹೊರಗೆ ಮಳೆ. ಮಳೆಯ ಸದ್ದಿನಲ್ಲಿ ಅಷ್ಟಷ್ಟೇ ಹಾರ್ಪ್ ಕೇಳುತ್ತಾ ಬಿದ್ದುಕೊಂಡವರಿಗೆ ಸಂಗೀತ ಹೀಗೂ ಇರಬಹುದಲ್ಲ ಅನ್ನಿಸಿತು. ಸುತ್ತಲಿನ ಸದ್ದಿನಲ್ಲಿ ಬೆರೆತುಹೋಗುವ ಸಂಗೀತ, ಮುಂದೆ ಆ್ಯಂಬಿಯೆಂಟ್ ಅಂತ ಹೆಸರಾದದ್ದರ ಹಿಂದೆ ಈ ದಿನ ಇದೆ. ನಮಗೆ ಇದು ಗೊತ್ತಾದದ್ದು ಹೇಗೆ? ಆ ವರ್ಷದ ಆಲ್ಬಮ್ಮಿನ ಹಿಂಬದಿಯ ಟಿಪ್ಪಣಿಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಹಿಂಬದಿ ಅಂತ ಒಂದು ಇತ್ತು, ಬರೆದರು.

ಈಗ ನನ್ನ ಹೊಟ್ಟೆಯುರಿ. ಹೈಸ್ಕೂಲಿನಲ್ಲಿದ್ದಾಗ ಒಂದು ಭಾವಗೀತೆ ಕ್ಯಾಸೆಟ್ ತಂದಿದ್ದೆ. ಅದರ ಒಂದು ಹಾಡಿನಲ್ಲಿ ಎರಡನೆಯ ಚರಣ ಆದ ಮೇಲೆ ಕೊಳಲು ಮೇಲಕ್ಕೆ ಹತ್ತುತ್ತದೆ, ಹತ್ತಿ ಅಲ್ಲೇ ನಿಲ್ಲುತ್ತದೆ. ಇಳಿಯಲು ಮನಸ್ಸಿಲ್ಲದ ಮಗುವಿನ ಹಾಗೆ. ಟೇಪ್ ರೆಕಾರ್ಡರಿನ ಸೆಲ್ ಉಳಿಸಲು ಪೆನ್ಸಿಲ್ ತೂರಿಸಿ ಹಿಂದಕ್ಕೆ ಸುತ್ತಿ ಸುತ್ತಿ ಅದೊಂದನ್ನೇ ಕೇಳುತ್ತಿದ್ದೆ. ಒಳಗಿನ ಹಾಳೆಯಲ್ಲಿ ಕವಿಯ ಹೆಸರಿತ್ತು, ಸಂಗೀತ ಕೊಟ್ಟವರದ್ದು, ಹಾಡಿದವರದ್ದು ಇತ್ತು. ನಕಲು ಮಾಡಿದರೆ ಕಾನೂನು ಕ್ರಮ ಅಂತ ಎಲ್ಲಕ್ಕಿಂತ ದಪ್ಪಕ್ಷರದಲ್ಲಿತ್ತು. ಕೊಳಲಿನವರು ಇರಲಿಲ್ಲ. ಕಂಪನಿಗೆ ಕಾರ್ಡ್ ಬರೆದೆ: ‘ಕೊಳಲು ಊದಿದವರು ಯಾರು, ದಯವಿಟ್ಟು ತಿಳಿಸಿ.’ ಒಂದು ತಿಂಗಳ ಮೇಲೆ ಉತ್ತರ ಬಂತು. ಬಿಡಿಸಿ ನೋಡಿದರೆ ಅವರ ಹೊಸ ಭಾವಗೀತೆ ಕ್ಯಾಸೆಟ್ಟುಗಳ ಪಟ್ಟಿ.

ನಿಮ್ಮ ಆ್ಯಪ್ ಅವತ್ತೇ ಹುಟ್ಟಿತ್ತು, ಅಲ್ವಾ?

ಅದೇ ಹಾಡು ಈಗ ಫೋನಿನಲ್ಲೂ ಸಿಗುತ್ತದೆ. ಹಾಡಿದವರ ಹೆಸರು ಬಿಟ್ಟರೆ ಏನೂ ಇಲ್ಲ, ಕವಿಯೂ ಮಾಯ. ಸಿನಿಮಾ ಹಾಡಾದರೆ ಹೀರೋ ಫೋಟೋ. ಒಮ್ಮೆ ಹಿರಿಯ ಪಿಟೀಲು ವಾದಕರೊಬ್ಬರನ್ನು ಕೇಳಿದ್ದೆ, ನೀವು ನುಡಿಸಿದ ಹಾಡುಗಳು ಯಾವುವು ಅಂತ. ‘ಬೆಳಿಗ್ಗೆ ಒಂದು ಸ್ಟುಡಿಯೋ, ಮಧ್ಯಾಹ್ನ ಇನ್ನೊಂದು. ಯಾವ ಸಿನಿಮಾ ಅಂತ ಯಾರು ಹೇಳುತ್ತಿದ್ದರು? ರೇಡಿಯೋದಲ್ಲಿ ಬಂದಾಗ ಹೆಂಡತಿಗೆ ಹೇಳುತ್ತಿದ್ದೆ, ನೋಡೇ, ಇದು ನಾನು.’ ಅವರು ಈಗಿಲ್ಲ. ಅವರ ಹೆಂಡತಿಗೆ ಮಾತ್ರ ಗೊತ್ತಿರುವ ಪಟ್ಟಿ ಅದು.

ಬೇರೆಯವರನ್ನು ಬೈದರೆ ಸಾಲದು. ನಮ್ಮದೇ ಪತ್ರಿಕೆಯ ಹಳೆಯ ಹಾಡುಗಳ ವಿಶೇಷಾಂಕದಲ್ಲಿ ಲೇಖಕರೊಬ್ಬರು ವಾದ್ಯದವರ ಹೆಸರುಗಳನ್ನು ಹುಡುಕಿ ಅರ್ಧ ಪುಟ ಬರೆದುಕೊಟ್ಟಿದ್ದರು. ಜಾಗ ಸಾಲದು ಅಂತ ಅದನ್ನು ಕತ್ತರಿಸಿದ ಮಹಾನುಭಾವ ನಾನೇ. ಆ ಜಾಗದಲ್ಲಿ ಸೋಪಿನ ಜಾಹೀರಾತು ಬಂತು.

ಇರಲಿ. ಗ್ಲಾಸ್ಗೋದ ಮೊಗ್ವಾಯ್ ಇದೆ, ಟೆಕ್ಸಸ್‌ನ ಎಕ್ಸ್‌ಪ್ಲೋಷನ್ಸ್ ಇನ್ ದ ಸ್ಕೈ ಇದೆ, ಟೋಕಿಯೋದ ಮೋನೋ ಇದೆ. ನಮ್ಮಲ್ಲೂ ಅಹಮದಾಬಾದಿನಲ್ಲಿ ಆ್ಯಸ್‌ವಿಕೀಪ್‌ಸರ್ಚಿಂಗ್, ಬೆಂಗಳೂರಿನಲ್ಲಿ ಅನ್‌ಟಿಲ್ ವಿ ಲಾಸ್ಟ್ ಹುಟ್ಟಿವೆ. ಎಣಿಸಿ ನೋಡಿ, ಹತ್ತು ಕೇಳಿದ್ದಿರಿ, ಜಾಸ್ತಿಯೇ ಆಯಿತು. ಎಲ್ಲವನ್ನೂ ಒಂದೇ ವಾರದಲ್ಲಿ ಕೇಳಿ ಮುಗಿಸಬೇಡಿ. ಒಂದು ಹಿಡಿಯಿರಿ, ಡ್ರಮ್ ಬಾರಿಸಿದವರ ಹೆಸರು ಹುಡುಕಿ, ಆಮೇಲೆ ಇನ್ನೊಂದು. ನಿಮ್ಮ ರೂಮ್‌ಮೇಟ್ ನಗುತ್ತಾರೆ, ನಗಲಿ.

ನನ್ನ ಕೊಳಲಿನವರ ಹೆಸರು ಮಾತ್ರ ಇನ್ನೂ ಸಿಕ್ಕಿಲ್ಲ. ಕ್ಯಾಸೆಟ್ಟಿನ ಆ ಹಾಳೆ ನನ್ನ ಮೇಜಿನ ಗಾಜಿನ ಕೆಳಗಿದೆ. ಆ ಕಾಲದಲ್ಲಿ ಸ್ಟುಡಿಯೋಗಳಲ್ಲಿ ನುಡಿಸಿದ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಮ್ಮೆ ಕಚೇರಿಗೆ ಬನ್ನಿ. ಟೇಪ್ ಇನ್ನೂ ಓಡುತ್ತದೆ, ಕೇಳಿಸುತ್ತೇನೆ. ಕಾಫಿ ಪಕ್ಕದ ಹೋಟೆಲಿನಿಂದ ತರಿಸೋಣ.