ಒರ್ಲಾಂದೊ ಯಾರು, ನಿಮಗೆ ಅವರಿಂದೇನು?

ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊಕ್ಕೆ ಓದಲು ಬಂದು ತಿಂಗಳೂ ಆಗಿಲ್ಲ, ಮನೆ ಮಾಲೀಕರಿಂದ ತರಕಾರಿಯವನವರೆಗೆ ಎಲ್ಲರೂ ‘ಒರ್ಲಾಂದೊ ಇದ್ದಾಗ’ ಎನ್ನುತ್ತಾರೆ, ನಮ್ಮಂಥ ವಿದೇಶಿಯರಿಗೆ ಅವರಿಂದೇನಾಗಿದೆ ಎಂದು ಕೇಳಿದ್ದೀರಿ.

ಲೆಯೊಲೂಕಾ ಒರ್ಲಾಂದೊ ಮೂರು ಸುತ್ತು ಈ ಊರಿನ ಮೇಯರ್ ಆಗಿದ್ದವರು: 1985ರಿಂದ 1990, 1993ರಿಂದ 2000, ಮತ್ತೆ 2012ರಿಂದ 2022. ಬೆಂಗಳೂರಿನಲ್ಲಿ ನಾವು ಕಂಡ ಒಂದು ವರ್ಷದ ಮೇಯರ್ ಗಿರಿಯಲ್ಲ ಇದು. 1993ರಿಂದ ಇಲ್ಲಿ ಮೇಯರ್ ಅನ್ನು ಜನರೇ ನೇರವಾಗಿ ಆರಿಸುತ್ತಾರೆ. ಆ ವರ್ಷ ಒರ್ಲಾಂದೊಗೆ ಬಿದ್ದದ್ದು ಸುಮಾರು ಶೇ 75 ಮತ. ಒರ್ಲಾಂದೊ ಯಾರಿಗೆ ಸಲಹೆಗಾರರಾಗಿದ್ದರೋ ಆ ಸಿಸಿಲಿ ಪ್ರಾಂತ್ಯದ ಅಧ್ಯಕ್ಷ ಪಿಯೆರ್‌ಸಾಂತಿ ಮತ್ತಾರೆಲ್ಲಾ ಅವರನ್ನು ಮಾಫಿಯಾ 1980ರಲ್ಲಿ ಕೊಂದಿತ್ತು. ಮಾಫಿಯಾ ವಿರೋಧವೇ ಮುಂದೆ ಒರ್ಲಾಂದೊ ರಾಜಕಾರಣದ ಬೆನ್ನೆಲುಬಾಯಿತು. 1974ರಲ್ಲಿ ಬಾಗಿಲು ಮುಚ್ಚಿದ್ದ ಊರಿನ ಒಪೆರಾ ಮಂದಿರ ತೆಯಾತ್ರೊ ಮಾಸ್ಸಿಮೊ 1997ರಲ್ಲಿ ತೆರೆದದ್ದು ಅವರ ಕಾಲದಲ್ಲೇ.

ಹಾಗೆಂದು ಕಾಫಿ ಬಾರಿನಲ್ಲಿ ಅವರನ್ನು ಹೊಗಳಲು ಹೋಗಬೇಡಿ. ಮಾಫಿಯಾ ವಿರುದ್ಧ ತನಿಖೆ ನಡೆಸುತ್ತಿದ್ದ ನ್ಯಾಯಾಧೀಶ ಫಾಲ್ಕೋನೆ ಸಾಕ್ಷ್ಯಗಳನ್ನು ಡ್ರಾಯರಿನಲ್ಲಿ ಮುಚ್ಚಿಟ್ಟಿದ್ದಾರೆಂದು 1990ರಲ್ಲಿ ಅವರು ಟಿವಿಯಲ್ಲಿ ದೂರಿದರು. ಎರಡು ವರ್ಷಗಳಲ್ಲಿ ಮಾಫಿಯಾ ಫಾಲ್ಕೋನೆಯನ್ನು ಕೊಂದಿತು. ಆ ಮಾತನ್ನು ಇಂದಿಗೂ ಕ್ಷಮಿಸದವರಿದ್ದಾರೆ. ಕೊನೆಯ ಅವಧಿಯಲ್ಲಿ ರೊತೊಲಿ ಸ್ಮಶಾನದಲ್ಲಿ ನೂರಾರು ಶವಪೆಟ್ಟಿಗೆಗಳು ಹೂಳುವವರಿಲ್ಲದೆ ಕಾದು ಕುಳಿತಿದ್ದವು. ಆಗ ಅವರ ಅಭಿಮಾನಿಗಳ ಬಳಿಯೂ ಉತ್ತರವಿರಲಿಲ್ಲ.

ಇನ್ನು ನಮ್ಮ ವಿಷಯ. 2013ರಲ್ಲಿ ಅವರ ಆಡಳಿತ ‘ಸಂಸ್ಕೃತಿಗಳ ಮಂಡಳಿ’ಯನ್ನು ರಚಿಸಿ, ಅದರ ಸದಸ್ಯರನ್ನು ಊರಿನ ವಿದೇಶಿಯರೇ ಮತ ಹಾಕಿ ಆರಿಸುವಂತೆ ಮಾಡಿತು. ಅದರ ಮೊದಲ ಅಧ್ಯಕ್ಷ, ಪ್ಯಾಲೆಸ್ತೀನಿ ವೈದ್ಯ ಅಧಾಮ್ ದರಾವ್ಶಾ, ಮುಂದೆ ನಗರಾಡಳಿತದಲ್ಲಿ ಸಂಸ್ಕೃತಿ ಖಾತೆಯನ್ನೇ ವಹಿಸಿಕೊಂಡರು. ವಿದೇಶಿಯರಿಗೆ ವಾಸದ ಪರವಾನಗಿ ಎಂಬ ಪದ್ಧತಿಯೇ ರದ್ದಾಗಬೇಕು ಎಂದು ಸಾರಿದ ಅವರ ‘ಪಲೆರ್ಮೊ ಸನ್ನದು’ 2015ರದು. ಆಶ್ರಯ ಕೋರಿದವರನ್ನು ನಿವಾಸಿಗಳ ಪಟ್ಟಿಗೆ ಸೇರಿಸಕೂಡದೆಂಬ ಆಗಿನ ಗೃಹ ಸಚಿವ ಸಾಲ್ವಿನಿಯವರ ಕಾನೂನನ್ನು ಜಾರಿ ಮಾಡಬೇಡಿರೆಂದು 2019ರ ಆರಂಭದಲ್ಲಿ ಒರ್ಲಾಂದೊ ತಮ್ಮ ಸಿಬ್ಬಂದಿಗೆ ಹೇಳಿದರು. ಮರುವರ್ಷ ಸಾಂವಿಧಾನಿಕ ನ್ಯಾಯಾಲಯ ಆ ನಿಷೇಧವನ್ನೇ ಅಸಿಂಧುಗೊಳಿಸಿತು. ಇಷ್ಟರ ಮಟ್ಟಿಗೆ ನಾನು ಅವರ ಪಕ್ಷಪಾತಿ.

ಆದರೆ ಸನ್ನದನ್ನು ನಂಬಿಕೊಂಡು ಕೂರಬೇಡಿ. ನಿಮ್ಮ ‘ಪೆರ್ಮೆಸ್ಸೊ’, ಅಂದರೆ ವಾಸದ ಪರವಾನಗಿ, ಕೊಡುವುದು ಪೊಲೀಸರ ಕಚೇರಿಯಾದ ಕ್ವೆಸ್ತೂರಾ. ಅದು ರೋಮಿನ ಗೃಹ ಸಚಿವಾಲಯದ ಕೈಯಲ್ಲಿದೆ, ಮೇಯರ್ ಮಾತು ಅಲ್ಲಿ ನಡೆಯದು. ಇಟಲಿಗೆ ಬಂದ ಎಂಟು ಕೆಲಸದ ದಿನಗಳೊಳಗೆ ಅಂಚೆ ಕಚೇರಿಯಲ್ಲಿ ಅರ್ಜಿ ಹಾಕಬೇಕಿತ್ತು. ಹಾಕಿಲ್ಲವಾದರೆ ನಾಳೆಯೇ ಹೋಗಿ, ರಸೀದಿಯನ್ನು ಜೋಪಾನ ಮಾಡಿ. ನಿವಾಸ ನೋಂದಣಿ, ಗುರುತಿನ ಚೀಟಿಗಳಿಗೆ ಮಾತ್ರ ನಗರಪಾಲಿಕೆಯ ನೋಂದಣಿ ಕಚೇರಿ ‘ಅನಾಗ್ರಾಫೆ’.

ಮೇಯರ್ ಚುನಾವಣೆಯಲ್ಲಿ ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ ಮತವಿದೆ, ನಮಗಿಲ್ಲ. ಪೌರತ್ವಕ್ಕೆ ಹತ್ತು ವರ್ಷಗಳ ವಾಸ ಬೇಕು. ಅದನ್ನು ಐದಕ್ಕೆ ಇಳಿಸುವ 2025ರ ಜನಮತಗಣನೆ, ಸಾಕಷ್ಟು ಜನ ಮತಗಟ್ಟೆಗೇ ಬಾರದೆ ಬಿದ್ದುಹೋಯಿತು. ಒರ್ಲಾಂದೊ ಈಗ ಐರೋಪ್ಯ ಸಂಸತ್ತಿನಲ್ಲಿದ್ದಾರೆ; ಇಲ್ಲಿನ ಮೇಯರ್ 2022ರಲ್ಲಿ ಗೆದ್ದ ರೊಬೆರ್ತೊ ಲಗಾಲ್ಲಾ.