ಅಳಲು: ಅಳುವೋ, ಉರಿಯೋ?

ಪ್ರಶ್ನೆ: ‘ರೈತರು ಸಚಿವರ ಮುಂದೆ ಅಳಲು ತೋಡಿಕೊಂಡರು’ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ‘ಮಗು ಅಳಲು ತೊಡಗಿತು’ ಎಂಬಲ್ಲಿರುವುದೂ ಇದೇ ಪದವೇ? ದೂರು ಎಂಬ ಅರ್ಥದಲ್ಲಿ ‘ಅಳಲು’ ಎನ್ನಬಹುದೇ?

ಉತ್ತರ: ಎರಡೂ ಬೇರೆ ಬೇರೆ. ಮಗುವಿನ ವಾಕ್ಯದಲ್ಲಿರುವುದು ‘ಅಳು’ ಧಾತುವಿಗೆ ‘ಅಲು’ ಪ್ರತ್ಯಯ ಸೇರಿದ ರೂಪ. ಅದರ ಜಾಗದಲ್ಲಿ ‘ಅಳುವುದಕ್ಕೆ’ ಎಂದು ಹಾಕಿದರೂ ಅರ್ಥ ಕೆಡುವುದಿಲ್ಲ. ರೈತರ ಅಳಲಾದರೋ ನಾಮಪದ. ಅಳಲನ್ನು, ಅಳಲಿಗೆ, ಅಳಲಿನ ಎಂದು ವಿಭಕ್ತಿಗಳನ್ನೆಲ್ಲ ಪಡೆಯುತ್ತದೆ.

ಹಳಗನ್ನಡದಲ್ಲಿ ಇದು ‘ಅೞಲ್’. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳವೆಂದು ಕರೆದ ಈ ‘ೞ’ಕಾರವು ಮುಂದೆ ಬಳಕೆ ತಪ್ಪಿ, ‘ಮೞೆ’ ಮಳೆಯಾದಂತೆ ‘ಅೞಲ್’ ಅಳಲಾಯಿತು. ಆ ಅಕ್ಷರವನ್ನು ಇಂದಿಗೂ ಉಳಿಸಿಕೊಂಡಿರುವ ತಮಿಳಿನಲ್ಲಿ ‘ಅೞಲ್’ ಎಂದರೆ ಬೆಂಕಿ, ಉರಿ; ಮಲಯಾಳದಲ್ಲಿ ದುಃಖ. ಹೀಗಾಗಿ ನಮ್ಮ ಅಳಲು ಮೂಲತಃ ಕಣ್ಣೀರಿನ ಮಾತಲ್ಲ, ಒಳಗೆ ಬೇಯುವ ಬೇಗೆಯ ಮಾತು. ಕಣ್ಣಲ್ಲಿ ಹನಿ ನೀರಿಲ್ಲದೆಯೂ ಮನುಷ್ಯ ಅಳಲಬಹುದು. ದುಃಖವನ್ನು ಸುಡುವಿಕೆಯಾಗಿ ಕಾಣುವುದು ನಮ್ಮಲ್ಲಿ ಹೊಸದೇನಲ್ಲ: ಬೇಗುದಿ, ಒಡಲುರಿ ಎನ್ನುತ್ತೇವೆ; ಸಂಸ್ಕೃತದಿಂದ ಬಂದ ಸಂತಾಪ, ಪರಿತಾಪಗಳಲ್ಲಿಯೂ ತಾಪವೇ ಇದೆ. (ಸಂತಾಪವು ಈಗ ಹೆಚ್ಚಾಗಿ ಸಂತಾಪ ಸೂಚಕ ಸಭೆಗಳಲ್ಲಿ ಉಳಿದುಕೊಂಡಿರುವುದು ಬೇಸರದ ಸಂಗತಿ.)

ಇನ್ನು ದೂರಿನ ಅರ್ಥ. ‘ತೋಡು’ ಎಂದರೆ ಅಗೆದು ಹೊರತೆಗೆಯುವುದು. ಆಳದಲ್ಲಿ ಅದುಮಿಟ್ಟಿದ್ದ ನೋವನ್ನು ನಂಬಿಕೆಯಿಂದ ಒಬ್ಬರ ಮುಂದೆ ಬಿಚ್ಚಿಡುವುದಕ್ಕೆ ‘ಅಳಲು ತೋಡಿಕೊಳ್ಳು’ ಎಂಬುದಕ್ಕಿಂತ ಒಪ್ಪುವ ನುಡಿಗಟ್ಟು ನನಗೆ ತೋರುವುದಿಲ್ಲ. ಬೆಳೆ ಕೊಚ್ಚಿಹೋಗಿ ಸಾಲ ಉಳಿದ ರೈತನ ವಿಷಯದಲ್ಲಿ ಅದು ಸರಿಯಾದ ಪ್ರಯೋಗವೇ. ಆದರೆ ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಬೀದಿದೀಪ ಕೆಟ್ಟಿದೆ ಎಂಬುದಕ್ಕೆಲ್ಲ ‘ಸಾರ್ವಜನಿಕರ ಅಳಲು’ ಎಂದು ತಲೆಬರಹ ಕೊಟ್ಟರೆ, ನಿಜವಾಗಿ ಬೆಂದವರ ನೋವನ್ನು ಹೇಳಬೇಕಾದಾಗ ಆ ಪದದಲ್ಲಿ ಕಾವೇ ಉಳಿದಿರುವುದಿಲ್ಲ. ಅಂಥ ಕಡೆ ದೂರು, ಅಹವಾಲು, ತಕರಾರು ಎಂಬ ಪದಗಳು ಧಾರಾಳವಾಗಿ ಸಾಕು.

ನಡುಗನ್ನಡ ಕಾವ್ಯಗಳಲ್ಲಿ ‘ಅಳಲಿದನು’, ‘ಅಳಲಿಸಿದನು’ ಎಂದು ಕ್ರಿಯಾಪದವಾಗಿಯೂ ಓಡಾಡಿಕೊಂಡಿದ್ದ ಈ ಪದ ಇಂದಿನ ಗದ್ಯದಲ್ಲಿ ಬಹುಮಟ್ಟಿಗೆ ನಾಮಪದವಾಗಿಯೇ ನಿಂತುಬಿಟ್ಟಿದೆ. ‘ಮಗನಿಗಾಗಿ ಅಳಲಿದಳು’ ಎಂದು ಈಗಲೂ ನಿಸ್ಸಂಕೋಚವಾಗಿ ಬರೆಯಬಹುದು. ‘ಅಳಲನ್ನು ಅನುಭವಿಸಿದಳು’ ಎಂದು ಸುತ್ತಿ ಬಳಸಿ ಹೇಳಬೇಕಾಗಿಲ್ಲ.